ಕಲ್ಲು ಹಿಡಿದ ಶ್ರುತಿ: ಕ್ವಾರ್ಟ್ಸ್ ಹರಳು ಕಂಪನಾಂಕದ ಮಾನಕವಾದ ಬಗೆ

1922ರ ಅಮೆರಿಕದಲ್ಲಿ ರೇಡಿಯೋ ಹಚ್ಚಿದವರ ಕಿವಿಗೆ ಹಾಡಿಗಿಂತ ಮೊದಲು ಬೀಳುತ್ತಿದ್ದುದು ಸಿಳ್ಳೆ. ಬಹುತೇಕ ಎಲ್ಲ ಪ್ರಸಾರ ನಿಲಯಗಳಿಗೂ ಸರ್ಕಾರ 360 ಮೀಟರ್ ಎಂಬ ಒಂದೇ ತರಂಗಾಂತರ ಕೊಟ್ಟಿತ್ತು. ಕಂಪನಾಂಕದ ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 8,33,000 ಕಂಪನ. ಎರಡು ನಿಲಯಗಳು ಅದೇ ಅಂಕಿಯ ಮೇಲೆ ನಿಲ್ಲಲು ಹೋಗಿ ಒಂದು ಸಾವಿರ ಕಂಪನದಷ್ಟು ಆಚೀಚೆಯಾದರೆ, ಆ ವ್ಯತ್ಯಾಸವೇ ಸಾವಿರ ಹರ್ಟ್ಸ್‌ನ ಕೀರಲು ದನಿಯಾಗಿ ಹಾಡಿನ ಮೇಲೆ ಸವಾರಿ ಮಾಡುತ್ತದೆ. ಎಂಟು ಲಕ್ಷದ ಎದುರು ಸಾವಿರವೆಂದರೆ ಶೇಕಡಾ 0.12 ಮಾತ್ರ. ಅಷ್ಟು ಸಣ್ಣ ತಪ್ಪನ್ನು ತಡೆಯುವ ಶಕ್ತಿ ಅಂದಿನ ಪ್ರೇಷಕಗಳಿಗಿರಲಿಲ್ಲ. ತಂತಿಯ ಸುರುಳಿಯೊಂದು, ಧಾರಕವೊಂದು, ಎರಡರ ಜೋಡಿಯೇ ಕಂಪನಾಂಕವನ್ನು ನಿರ್ಧರಿಸುತ್ತಿತ್ತು. ವಾಲ್ವ್ ಬಿಸಿಯಾದರೆ, ಆಂಟೆನಾ ಗಾಳಿಗೆ ತೂಗಿದರೆ, ವೋಲ್ಟೇಜು ಕುಸಿದರೆ ಅಂಕಿ ಜಾರುತ್ತಿತ್ತು. ಜಾರಿದ್ದನ್ನು ಅಳೆಯಬೇಕಾದ ತರಂಗಮಾಪಕದ ಒಳಗೂ ಇದ್ದುದು ಇನ್ನೊಂದು ಸುರುಳಿ, ಇನ್ನೊಂದು ಧಾರಕ.

ಟೆಲಿಫೋನಿನವರ ತಾಪತ್ರಯ ಬೇರೆ. ಒಂದೇ ತಂತಿಯಲ್ಲಿ ಹಲವು ಸಂಭಾಷಣೆಗಳನ್ನು ಬೇರೆ ಬೇರೆ ವಾಹಕ ಕಂಪನಾಂಕಗಳ ಮೇಲೇರಿಸಿ ಕಳಿಸುವ ವಿಧಾನ ಆಗ ಬಳಕೆಗೆ ಬರುತ್ತಿತ್ತು. ಕಳಿಸುವ ಊರಿನಲ್ಲೂ ಇಳಿಸಿಕೊಳ್ಳುವ ಊರಿನಲ್ಲೂ ವಾಹಕದ ಅಂಕಿ ಒಂದೇ ಆಗಿರಬೇಕು, ಇಲ್ಲದಿದ್ದರೆ ಮಾತಿನ ಧ್ವನಿಯೇ ಕೆಡುತ್ತದೆ. ಹಾಗಾಗಿ ಟೆಲಿಫೋನ್ ಕಂಪನಿಗೆ ಬೇಕಾಗಿದ್ದುದು ನಂಬಬಹುದಾದ ಕಂಪನಾಂಕ, ಗಡಿಯಾರವಲ್ಲ. ಆದರೆ ಕಂಪನಾಂಕವೆಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ. ಅದು ಸರಿಯೋ ತಪ್ಪೋ ನೋಡಲು ಕಂಪನಗಳನ್ನು ದಿನಗಟ್ಟಲೆ ಎಣಿಸಿ ನಕ್ಷತ್ರಗಳ ಸಮಯಕ್ಕೆ ಹೋಲಿಸಬೇಕು. ಎಣಿಸುವ ಯಂತ್ರಕ್ಕೆ ಮುಳ್ಳು ಹಾಕಿದರೆ ಅದು ಗಡಿಯಾರವೇ. ಈ ಕ್ಷೇತ್ರದ ಮುಂದಿನ ಇಪ್ಪತ್ತು ವರ್ಷಗಳ ಕಥೆಯೆಲ್ಲ ಇಲ್ಲಿಂದ ಹೊರಟದ್ದು. ಜಗತ್ತಿನ ಅತ್ಯುತ್ತಮ ಗಡಿಯಾರವನ್ನು ಮಾಡಿದವರು ಗಡಿಯಾರದವರಲ್ಲ. ತಂತಿಯ ಮಾತು ಕೆಡದಿರಲೆಂದು ಹೆಣಗುತ್ತಿದ್ದ ಎಂಜಿನಿಯರುಗಳ ಕೈಗೆ ಅದು ಉಪ ಉತ್ಪನ್ನವಾಗಿ ಸಿಕ್ಕಿತು.

ಅಂಥ ಕಂಪನಾಂಕ ಕೊಡಬಲ್ಲ ಕ್ವಾರ್ಟ್ಸ್ ಹರಳಿನ ಗುಣ ಗೊತ್ತಾಗಿ ಆಗಲೇ ನಲವತ್ತು ವರ್ಷ ಕಳೆದಿತ್ತು. 1880ರಲ್ಲಿ ಪ್ಯಾರಿಸ್ಸಿನಲ್ಲಿ ಝಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕ್ವಾರ್ಟ್ಸ್, ಟೂರ್ಮಲಿನ್, ರೊಷೆಲ್ ಲವಣ, ಕೊನೆಗೆ ಸಕ್ಕರೆಯ ಹರಳನ್ನೂ ಒತ್ತಿ ನೋಡಿ, ಒತ್ತಿದಾಗ ಅವುಗಳ ಮುಖಗಳಲ್ಲಿ ವಿದ್ಯುದಾವೇಶ ಹುಟ್ಟುತ್ತದೆಂದು ತೋರಿಸಿದರು. ಮರುವರ್ಷ ಗೇಬ್ರಿಯಲ್ ಲಿಪ್‌ಮನ್ ಇದರ ತಿರುವುಮುರುವನ್ನು ಗಣಿತದಿಂದ ಊಹಿಸಿದ: ವಿದ್ಯುತ್ತು ಕೊಟ್ಟರೆ ಹರಳು ಹಿಗ್ಗಬೇಕು, ಕುಗ್ಗಬೇಕು. ಕ್ಯೂರಿ ಸಹೋದರರು ಅದನ್ನೂ ಪ್ರಯೋಗದಿಂದ ಖಚಿತಪಡಿಸಿದರು. ಆಮೇಲೆ ಇಡೀ ವಿಷಯ ಪ್ರಯೋಗಾಲಯದ ಕಪಾಟು ಸೇರಿತು. ಅದನ್ನು ಹೊರಗೆಳೆದದ್ದು ಜರ್ಮನ್ ಜಲಾಂತರ್ಗಾಮಿಗಳ ಭಯ. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜೆವನ್ ಉಕ್ಕಿನ ಎರಡು ಫಲಕಗಳ ನಡುವೆ ಕ್ವಾರ್ಟ್ಸ್ ಚೂರುಗಳನ್ನು ಕೂರಿಸಿ, ನೀರಿನೊಳಗೆ ಶ್ರವಣಾತೀತ ಶಬ್ದ ಹೊರಡಿಸುವ ಸಾಧನ ಮಾಡಿದ. 1917ರಲ್ಲಿ ಫ್ರೆಂಚ್ ಮತ್ತು ಬ್ರಿಟಿಷ್ ವಿಜ್ಞಾನಿಗಳ ತಂಡ ವಾಷಿಂಗ್ಟನ್ನಿಗೆ ಬಂದು ಈ ಕೆಲಸವನ್ನು ವಿವರಿಸಿದಾಗ ಕೇಳಿಸಿಕೊಂಡವರಲ್ಲಿ ವಾಲ್ಟರ್ ಕೇಡಿ ಒಬ್ಬ. ಕನೆಕ್ಟಿಕಟ್‌ನ ಮಿಡಲ್‌ಟೌನ್ ಎಂಬ ಸಣ್ಣ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು.

ಯುದ್ಧ ಮುಗಿದರೂ ಕೇಡಿ ಹರಳನ್ನು ಬಿಡಲಿಲ್ಲ. ಕ್ವಾರ್ಟ್ಸ್ ಫಲಕವೊಂದನ್ನು ಆಂದೋಲಕದ ಮಂಡಲಕ್ಕೆ ಜೋಡಿಸಿ, ಕಂಪನಾಂಕವನ್ನು ಮೆಲ್ಲಗೆ ಏರಿಸುತ್ತ ಹೋದರೆ, ಮೀಟರಿನ ಮುಳ್ಳು ಒಂದು ಜಾಗದಲ್ಲಿ ಥಟ್ಟನೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಆ ಕುಸಿತ ಎಷ್ಟು ಕಿರಿದೆಂದರೆ ಧಾರಕದ ಗುಂಡಿಯನ್ನು ಒಂದಿಷ್ಟು ಅವಸರದಿಂದ ತಿರುಗಿಸಿದರೂ ಕಣ್ಣಿಗೆ ಬೀಳದೆ ಹೋಗುತ್ತಿತ್ತು. ಹರಳು ತನ್ನ ಸಹಜ ಕಂಪನಾಂಕದಲ್ಲಿ ಅನುರಣಿಸುವ ಜಾಗ ಅದು. ಚೆನ್ನಾಗಿ ಎರಕ ಹೊಯ್ದ ದೇವಸ್ಥಾನದ ಗಂಟೆ ಬಡಿದ ಮೇಲೂ ಬಹಳ ಹೊತ್ತು ಮೊಳಗುವಂತೆ, ಕ್ವಾರ್ಟ್ಸ್ ಒಮ್ಮೆ ಕಂಪಿಸತೊಡಗಿದರೆ ತನ್ನೊಳಗೆ ಶಕ್ತಿಯನ್ನು ಪೋಲು ಮಾಡುವುದು ತೀರಾ ಕಡಿಮೆ. ಸುರುಳಿ–ಧಾರಕದ ಒಳ್ಳೆಯ ಜೋಡಿಯ ಗುಣಾಂಕ ಕೆಲವು ನೂರಿದ್ದರೆ ಕ್ವಾರ್ಟ್ಸ್‌ನದು ಹತ್ತಾರು ಸಾವಿರದಿಂದ ಹತ್ತು ಲಕ್ಷದವರೆಗೆ. ಅನುರಣನೆ ಅಷ್ಟು ಚೂಪಾಗಿರುವುದಕ್ಕೆ ಇದೇ ಕಾರಣ. ಹರಳು ಆಂದೋಲಕವನ್ನು ತನ್ನ ಅಂಕಿಗೆ ಎಳೆದು ಹಿಡಿದುಕೊಳ್ಳುವುದನ್ನೂ ಕೇಡಿ ಗಮನಿಸಿದ. 1921ರಲ್ಲಿ ಹರಳೇ ನಿಯಂತ್ರಿಸುವ ಆಂದೋಲಕ ಮಾಡಿ, 1922ರಲ್ಲಿ ಎಲ್ಲವನ್ನೂ ವಿಸ್ತಾರವಾದ ಪ್ರಬಂಧವಾಗಿ ಪ್ರಕಟಿಸಿದ.

ಮೊದಲಿಗನಾರು ಎಂಬ ಜಗಳ ಇಲ್ಲೂ ಇದೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಅಲೆಕ್ಸಾಂಡರ್ ನಿಕಲ್ಸನ್ ರೊಷೆಲ್ ಲವಣದ ಹರಳು ಬಳಸಿದ ಆಂದೋಲಕಕ್ಕೆ 1918ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ. ಅದು ಮಂಜೂರಾದದ್ದು 1940ರಲ್ಲಿ, ಇಪ್ಪತ್ತೆರಡು ವರ್ಷಗಳ ಮೇಲೆ. ಕಾಗದದ ಮೇಲೆ ನಿಕಲ್ಸನ್ ಮುಂದಿರಬಹುದು. ಆದರೆ ಬಲವಾಗಿ ಮಿಡಿದರೂ ಹವೆಯ ತೇವಕ್ಕೆ ಕರಗುವ ರೊಷೆಲ್ ಲವಣವನ್ನು ಬದಿಗಿಟ್ಟು, ಅಷ್ಟೇನೂ ಮಿಡಿಯದ ಕ್ವಾರ್ಟ್ಸೇ ಮಾನಕಕ್ಕೆ ತಕ್ಕದ್ದೆಂದು ಕಂಡುಕೊಂಡವನು ಕೇಡಿ. ಈ ಕ್ಷೇತ್ರಕ್ಕೆ ಒಬ್ಬ ತಂದೆ ಬೇಕೇ ಬೇಕಾದರೆ ನನ್ನ ಮತ ಅವನಿಗೆ.

1923ರಲ್ಲಿ ಕೇಡಿ ಮಾಡಿದ ಒಂದು ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. ಕಂಪನಾಂಕ ಅಳೆದಿಟ್ಟ ಕೆಲವು ಕ್ವಾರ್ಟ್ಸ್ ಅನುರಣಕಗಳನ್ನು ಹೊತ್ತು ಅವನು ಹಡಗು ಹತ್ತಿದ. ಇಟಲಿ, ಫ್ರಾನ್ಸ್, ಇಂಗ್ಲೆಂಡ್‌ಗಳ ಪ್ರಯೋಗಾಲಯಗಳಿಗೆ ಹೋಗಿ, ಅಲ್ಲಲ್ಲಿಯ ಮಾನಕಗಳಿಂದ ಅದೇ ಹರಳುಗಳನ್ನು ಅಳೆಸಿದ. ಒಂದು ದೇಶದ ಕಿಲೋಹರ್ಟ್ಸ್ ಇನ್ನೊಂದು ದೇಶದ ಕಿಲೋಹರ್ಟ್ಸ್‌ಗೆ ಸಮವೇ ಎಂದು ನೇರವಾಗಿ ಕೈಯಲ್ಲಿ ಹಿಡಿದ ವಸ್ತುವಿನಿಂದ ಪರೀಕ್ಷಿಸಿದ್ದು ಅದೇ ಮೊದಲು. ಸುರುಳಿ–ಧಾರಕದ ಪೆಟ್ಟಿಗೆಯನ್ನು ಸಮುದ್ರ ದಾಟಿಸಿದರೆ ಅದು ಹಾದಿಯಲ್ಲೇ ಬೇರೆಯಾಗಿಬಿಡುತ್ತಿತ್ತು. ಕಲ್ಲಿನ ಚೂರು ಹಾಗಲ್ಲ.

ಅದೇ 1923ರಲ್ಲಿ ಹಾರ್ವರ್ಡ್‌ನ ಜಾರ್ಜ್ ವಾಷಿಂಗ್ಟನ್ ಪಿಯರ್ಸ್, ಕೇಡಿಯ ಹಲವು ವಾಲ್ವುಗಳ ಜಟಿಲ ಮಂಡಲವನ್ನು ಒಂದೇ ವಾಲ್ವಿಗೆ ಇಳಿಸಿದ. ಇಂದಿನ ಮೈಕ್ರೋಕಂಟ್ರೋಲರ್ ಪಕ್ಕದಲ್ಲಿ ಎರಡು ಪುಟ್ಟ ಧಾರಕಗಳ ನಡುವೆ ಕೂತ ಹರಳನ್ನು ಕಂಡವರೆಲ್ಲ ಪಿಯರ್ಸ್ ಮಂಡಲದ ವಂಶಸ್ಥನನ್ನು ಕಂಡಿದ್ದಾರೆ. ಕೇಡಿಯ ಸಹೋದ್ಯೋಗಿ ಕಾರ್ಲ್ ವ್ಯಾನ್ ಡೈಕ್ ಕಂಪಿಸುವ ಹರಳನ್ನು ಒಂದು ಸುರುಳಿ, ಒಂದು ರೋಧಕ, ಎರಡು ಧಾರಕಗಳ ಸಮಾನ ಮಂಡಲವಾಗಿ ಬರೆದು ತೋರಿಸಿದ. ಹರಳಿನ ಭೌತಶಾಸ್ತ್ರ ಗೊತ್ತಿಲ್ಲದ ಎಂಜಿನಿಯರೂ ಇದರಿಂದ ಲೆಕ್ಕ ಹಾಕಬಲ್ಲವನಾದ. ಬರ್ಲಿನ್ನಿನ ಗೀಬೆ ಮತ್ತು ಶೈಬೆ ಹಿಡಿದ ದಾರಿ ಕಣ್ಣಿಗೆ ಹಬ್ಬ. ಕಡಿಮೆ ಒತ್ತಡದ ನಿಯಾನ್–ಹೀಲಿಯಂ ಅನಿಲ ತುಂಬಿದ ಗಾಜಿನ ಬುರುಡೆಯೊಳಗೆ ಕ್ವಾರ್ಟ್ಸ್ ಸರಳನ್ನು ಇಟ್ಟರು. ಹೊರಗಿನ ಕಂಪನಾಂಕ ಸರಿಯಾಗಿ ಹೊಂದಿದ ಕ್ಷಣ ಸರಳಿನ ಮೇಲೆ ಹುಟ್ಟುವ ವೋಲ್ಟೇಜಿಗೇ ಸುತ್ತಲ ಅನಿಲ ಬೆಳಗುತ್ತಿತ್ತು. ಒಂದೆರಡು ಕಂಪನ ಆಚೆ ಹೋದರೆ ದೀಪ ಆರಿತು. ಮೀಟರೇ ಬೇಡ.

ಇನ್ನು ನ್ಯೂಯಾರ್ಕಿನ ವೆಸ್ಟ್ ಸ್ಟ್ರೀಟ್‌ನಲ್ಲಿದ್ದ ಬೆಲ್ ಪ್ರಯೋಗಾಲಯ. ಅಲ್ಲಿ ಜೋಸೆಫ್ ಹಾರ್ಟನ್ ಮತ್ತು ಸಂಗಡಿಗರು ಮೊದಲು ನೆಚ್ಚಿಕೊಂಡದ್ದು ಉಕ್ಕಿನ ಶ್ರುತಿಕವೆಯನ್ನು. ಸೆಕೆಂಡಿಗೆ 100 ಸಲ ಮಿಡಿಯುವ ಕವೆಯನ್ನು ವಾಲ್ವಿನಿಂದ ನಡೆಸಿ, ಅದರ ವಿದ್ಯುತ್ತಿನಿಂದ ಪುಟ್ಟ ಮೋಟಾರು ತಿರುಗಿಸಿ, ಮೋಟಾರಿನ ಸುತ್ತುಗಳನ್ನು ನೌಕಾ ವೀಕ್ಷಣಾಲಯದ ರೇಡಿಯೋ ಸಮಯಸೂಚನೆಗೆ ಹೋಲಿಸುತ್ತಿದ್ದರು. ಈ ತಂಡ ಸೇರಿದ ಕೆನಡಾದ ವಾರೆನ್ ಮ್ಯಾರಿಸನ್ ಕವೆಯನ್ನು ಬಿಟ್ಟು ಕ್ವಾರ್ಟ್ಸ್ ಹಿಡಿದ. ತೊಡಕಿದ್ದುದು ವೇಗದಲ್ಲಿ. ಸೆಕೆಂಡಿಗೆ 50,000 ಸಲ ಕಂಪಿಸುವುದನ್ನು ಯಾವ ಹಲ್ಲುಚಕ್ರವೂ ಎಣಿಸಲಾರದು. ಹರಳಿನ ಕಂಪನಾಂಕವನ್ನು ವಾಲ್ವ್ ಮಂಡಲಗಳಿಂದ ಪೂರ್ಣಾಂಕದ ಲೆಕ್ಕದಲ್ಲಿ, ಒಂದೂ ಕಂಪನ ತಪ್ಪದಂತೆ, ಭಾಗಿಸುತ್ತ ಇಳಿಸಿ, ಮೋಟಾರು ತಿರುಗಬಲ್ಲ ಮಟ್ಟಕ್ಕೆ ತರುವುದನ್ನು ಮ್ಯಾರಿಸನ್ ಸಾಧಿಸಿದ. 1927ರ ಅಕ್ಟೋಬರಿನಲ್ಲಿ ಅವನೂ ಹಾರ್ಟನ್ನನೂ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ರೇಡಿಯೋ ವಿಜ್ಞಾನ ಒಕ್ಕೂಟದ ಸಭೆಯಲ್ಲಿ ಇದನ್ನು ಮುಂದಿಟ್ಟರು. ಅದು ಮೊದಲ ಕ್ವಾರ್ಟ್ಸ್ ಗಡಿಯಾರ. ಪ್ರಬಂಧದ ಶೀರ್ಷಿಕೆಯಲ್ಲಿ ಗಡಿಯಾರವೆಂಬ ಮಾತೇ ಇಲ್ಲ, ಇದ್ದುದು ಕಂಪನಾಂಕದ ನಿಖರ ನಿರ್ಣಯ. ಚೌಕಟ್ಟುಗಳ ಮೇಲೆ ಸಾಲಾಗಿ ಉರಿಯುವ ವಾಲ್ವುಗಳು, ಶಾಖ ನಿಯಂತ್ರಿಸುವ ಗೂಡು, ಬ್ಯಾಟರಿಗಳು ಸೇರಿ ಕೋಣೆಯ ಒಂದು ಭಾಗವನ್ನೇ ತಿನ್ನುತ್ತಿದ್ದ ವಸ್ತುವದು.

1929ರಲ್ಲಿ ಬೆಲ್‌ನವರ 100 ಕಿಲೋಹರ್ಟ್ಸ್‌ನ ನಾಲ್ಕು ಆಂದೋಲಕಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆ ಸೇರಿ ದೇಶದ ಪ್ರಾಥಮಿಕ ಕಂಪನಾಂಕ ಮಾನಕವಾದವು. ನಿಖರತೆ ಹೆಚ್ಚೂಕಡಿಮೆ ಒಂದು ಕೋಟಿಯಲ್ಲಿ ಒಂದು ಪಾಲು, ಅಂದರೆ ದಿನಕ್ಕೆ ಸೆಕೆಂಡಿನ ನೂರನೇ ಒಂದು ಭಾಗ. ಒಂದೇ ಸಾಲದೆ ನಾಲ್ಕು ಏಕೆ? ಒಂದೇ ಇದ್ದು ಅದು ಕೆಟ್ಟರೆ ಕೆಟ್ಟದ್ದೇ ಗೊತ್ತಾಗುವುದಿಲ್ಲ. ಎರಡಿದ್ದರೆ ಬೇರೆಯಾದದ್ದು ಗೊತ್ತಾಗುತ್ತದೆ, ಯಾವುದು ಕೆಟ್ಟದ್ದೆಂದು ತಿಳಿಯುವುದಿಲ್ಲ. ಮೂರರಿಂದ ಮೇಲಕ್ಕೆ ಬಹುಮತ ಸಿಗುತ್ತದೆ. ಮಾನಕಗಳ ಲೋಕ ಇಂದಿಗೂ ಇದೇ ತರ್ಕದ ಮೇಲೆ ನಡೆಯುತ್ತಿದೆ.

ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಮಂಡಲಗಳ ಬಗ್ಗೆ ಬರೆದು ಮುಗಿಸುತ್ತವೆ. ನಿಜವಾದ ಕಷ್ಟ ಇದ್ದುದು ಕಲ್ಲಿನಲ್ಲಿ. ಕ್ವಾರ್ಟ್ಸ್ ಎಲ್ಲ ದಿಕ್ಕಿಗೂ ಒಂದೇ ತೆರನಾದ ವಸ್ತುವಲ್ಲ. ಯಾವ ಕೋನದಲ್ಲಿ ಕೊಯ್ದಿರಿ ಎಂಬುದರ ಮೇಲೆ ಅದರ ಸ್ವಭಾವವೇ ಬದಲಾಗುತ್ತದೆ. ಮೊದಲು ಬಳಕೆಯಲ್ಲಿದ್ದುದು ಕ್ಯೂರಿಗಳ ಕಾಲದ ಎಕ್ಸ್ ಕೊಯ್ತ. ಶಾಖ ಒಂದು ಡಿಗ್ರಿ ಏರಿದರೆ ಅದರ ಕಂಪನಾಂಕ ಹತ್ತು ಲಕ್ಷಕ್ಕೆ 20ರ ಆಸುಪಾಸು ಇಳಿಯುತ್ತದೆ. ಆಮೇಲೆ ಬಂದ ವೈ ಕೊಯ್ತದ ಫಲಕ ಸಲೀಸಾಗಿ ಕಂಪಿಸುತ್ತಿತ್ತು, ಆದರೆ ಡಿಗ್ರಿಗೆ 80ಕ್ಕೂ ಹೆಚ್ಚು ಏರುತ್ತಿತ್ತು. ಅಷ್ಟೇ ಅಲ್ಲ, ಬಿಸಿಯಾಗುತ್ತ ಹೋದಂತೆ ಒಂದೆಡೆ ಇದ್ದಕ್ಕಿದ್ದಂತೆ ಬೇರೊಂದು ಅಂಕಿಗೆ ಜಿಗಿದುಬಿಡುತ್ತಿತ್ತು. ಹತ್ತು ಲಕ್ಷ ಹರ್ಟ್ಸ್‌ನ ಪ್ರಸಾರ ನಿಲಯದಲ್ಲಿ ಇಂಥ ಹರಳನ್ನು ಬರಿಗಾಳಿಯಲ್ಲಿಟ್ಟರೆ, ಬೆಳಗಿನಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರಿದಾಗ 800 ಹರ್ಟ್ಸ್ ಹೋಯಿತು. ಅಮೆರಿಕದ ನಿಯಂತ್ರಣ ಮಂಡಳಿ 1920ರ ದಶಕದ ಕೊನೆಗೆ ಬಿಟ್ಟಿದ್ದ ವಿನಾಯಿತಿ 500 ಹರ್ಟ್ಸ್. 1932ರಲ್ಲಿ ಅದನ್ನು 50ಕ್ಕೆ ಇಳಿಸಿತು. ಹರಳಿನ ಗೂಡನ್ನು ಡಿಗ್ರಿಯ ಸಣ್ಣ ಭಾಗದೊಳಗೆ ಹಿಡಿದಿಡುವುದೇ ಆಗ ಉಳಿದ ದಾರಿ.

ಒಂದು ಕೊಯ್ತ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹಾಗಾದರೆ ನಡುವೆ ಎಲ್ಲೋ ಸೊನ್ನೆ ಇರಲೇಬೇಕಲ್ಲ? ಮ್ಯಾರಿಸನ್ ಇದಕ್ಕೆ ಕಂಡುಕೊಂಡ ಉಪಾಯ ಆಕಾರದ್ದು. ಫಲಕದ ನಡುವೆ ತೂತು ಕೊರೆದು ದಪ್ಪ ಬಳೆಯಂತೆ ಮಾಡಿ, ಏರುವ ಕಂಪನವೂ ಇಳಿಯುವ ಕಂಪನವೂ ಒಂದೇ ದೇಹದಲ್ಲಿ ಬೆರೆತು ಪರಸ್ಪರ ರದ್ದಾಗುವಂತೆ ಅಳತೆಗಳನ್ನು ಹೊಂದಿಸಿದ. ರಾಷ್ಟ್ರೀಯ ಮಾನಕಕ್ಕೆ ಇದು ಸರಿ, ದಿನಕ್ಕೆ ನೂರಾರು ಮಾಡುವ ಕಾರ್ಖಾನೆಗೆ ಅಲ್ಲ. ಕೋನದ ಉಪಾಯ ಕೆಲವೇ ವರ್ಷಗಳ ಅಂತರದಲ್ಲಿ ಬೇರೆ ಬೇರೆ ದೇಶಗಳಲ್ಲಿ ಹೊಳೆಯಿತು. ಟೋಕಿಯೋದಲ್ಲಿ ಇಸಾಕ್ ಕೋಗಾ, ಜರ್ಮನಿಯಲ್ಲಿ ಬೆಕ್‌ಮನ್ ಮತ್ತು ಸ್ಟ್ರೌಬೆಲ್, ಬೆಲ್‌ನಲ್ಲಿ ಲ್ಯಾಕ್, ವಿಲ್ಲರ್ಡ್, ಫೇರ್. ಬೆಲ್‌ನವರು 1934ರಲ್ಲಿ ಪ್ರಕಟಿಸಿದ ಎಟಿ ಕೊಯ್ತವೆಂಬ ಹೆಸರೇ ನಿಂತಿತು. ಹರಳಿನ ಉದ್ದದ ಅಕ್ಷಕ್ಕೆ 35 ಡಿಗ್ರಿ 15 ಮಿನಿಟಿನಷ್ಟು ಓರೆಯಾಗಿ ಕೊಯ್ದರೆ, ಕೋಣೆಯ ಶಾಖದ ಸುತ್ತ ಕಂಪನಾಂಕ ಅಲ್ಲಾಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಒಂದು ಮಿಲಿಮೀಟರ್ ದಪ್ಪದ ಎಟಿ ಫಲಕ ಸುಮಾರು 16.6 ಲಕ್ಷ ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ದಪ್ಪ ಅರ್ಧವಾದರೆ ಕಂಪನಾಂಕ ಎರಡರಷ್ಟು. ಇಂದಿಗೂ ಮೆಗಾಹರ್ಟ್ಸ್ ಹರಳುಗಳಲ್ಲಿ ಬಹುಪಾಲು ಇದೇ ಕೊಯ್ತದವು. ತೊಂಬತ್ತು ವರ್ಷಗಳಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಮಿಕ್ಕೆಲ್ಲ ಬದಲಾದರೂ ಈ ಓರೆ ಬದಲಾಗಿಲ್ಲ. 1940ರಲ್ಲಿ ಬೆಲ್‌ನ ವಾರೆನ್ ಮೇಸನ್ ಕೊಟ್ಟ ಜಿಟಿ ಕೊಯ್ತ ಶಾಖದ ಇನ್ನೂ ಅಗಲವಾದ ಹರವಿನಲ್ಲಿ ಸ್ಥಿರವಾಗಿತ್ತು.

ಕೊಯ್ತದಷ್ಟೇ ತಲೆನೋವು ಹಿಡಿತದ್ದು. ಕಂಪಿಸುವ ವಸ್ತುವನ್ನು ಎಲ್ಲಿ ಹಿಡಿದರೂ ಅದರ ಶಕ್ತಿ ಹಿಡಿದವನಿಗೆ ಸೋರುತ್ತದೆ. ಹಾಗಾಗಿ ಅಲುಗದ ಬಿಂದುಗಳನ್ನು ಹುಡುಕಿ ಅಲ್ಲಿಯೇ ಹಿಡಿಯಬೇಕು. ಇಂಗ್ಲೆಂಡಿನ ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಡೇವಿಡ್ ಡೈ ಆರಂಭಿಸಿದ ಕ್ವಾರ್ಟ್ಸ್ ಉಂಗುರದ ಕೆಲಸವನ್ನು ಲೂಯಿ ಎಸೆನ್ ಮುಂದುವರಿಸಿ, 1938ರಲ್ಲಿ ತನ್ನ ಹೆಸರಿನ ಉಂಗುರವನ್ನು ಸಿದ್ಧಪಡಿಸಿದ. 100 ಕಿಲೋಹರ್ಟ್ಸ್‌ನ ಆ ಉಂಗುರವನ್ನು ಅಲುಗದ ಬಿಂದುಗಳಲ್ಲಿ ನೂಲೆಳೆಯಿಂದ ತೂಗುಬಿಡುತ್ತಿದ್ದರು. ಸುತ್ತಲ ಗಾಳಿಯೂ ಶತ್ರುವೇ. ಅದರ ಒತ್ತಡ ಬದಲಾದರೆ ಅಂಕಿ ಬದಲಾಗುತ್ತದೆ, ಆದ್ದರಿಂದ ಇಡೀ ಸಾಧನವನ್ನು ಗಾಳಿ ತೆಗೆದ ಪಾತ್ರೆಯೊಳಗೆ ಮುಚ್ಚಬೇಕು.

ಹರಳಿನೊಳಗೇ ಅಡಗಿರುವ ಇನ್ನೊಂದು ಎಲ್ಲೆ 573 ಡಿಗ್ರಿ ಸೆಲ್ಸಿಯಸ್. ಅಲ್ಲಿ ಕ್ವಾರ್ಟ್ಸ್‌ನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಮತ್ತೆ ತಣ್ಣಗಾದಾಗ ಹರಳಿನ ಭಾಗಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗಿಕೊಂಡು, ಅನುರಣಕ ಕೆಲಸಕ್ಕೆ ಬಾರದಾಗುತ್ತದೆ. ಈ ಮಾರ್ಪಾಡು ಹೇಗಾಗುತ್ತದೆಂಬ ಪ್ರಶ್ನೆಗೆ ಮುಖ್ಯವಾದ ಸುಳಿವು ಸಿಕ್ಕಿದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿ, ಆ ಶಾಖ ಹತ್ತಿರವಾದಂತೆ ಹರಳಿನ ಒಂದು ಆಂತರಿಕ ಕಂಪನ ಮೆದುವಾಗುತ್ತ ಹೋಗುವುದನ್ನು ಬೆಳಕಿನ ಚದುರಿಕೆಯಿಂದ ಕಂಡು 1940ರಲ್ಲಿ ಪ್ರಕಟಿಸಿದರು. ಅವರು ಮಾನಕದ ಕೆಲಸ ಮಾಡುತ್ತಿರಲಿಲ್ಲ. ಆದರೆ ಪ್ರಪಂಚದ ಎಂಜಿನಿಯರುಗಳು ನೆಚ್ಚಿದ್ದ ಕಲ್ಲಿನ ಒಳಗುಟ್ಟು ಅದು.

ಹೀಗೆ ಪಳಗುತ್ತಿದ್ದಾಗಲೇ ಕ್ವಾರ್ಟ್ಸ್ ತನ್ನನ್ನು ಅಳೆಯುತ್ತಿದ್ದ ಗಡಿಯಾರಗಳನ್ನೇ ಪರೀಕ್ಷಿಸತೊಡಗಿತು. ಅದುವರೆಗಿನ ಅತ್ಯುತ್ತಮ ಗಡಿಯಾರವೆಂದರೆ ನಿರ್ವಾತದಲ್ಲಿ ತೂಗುವ, ಶಾರ್ಟ್ ಎಂಬಾತನ ಹೆಸರಿನ ಲೋಲಕ ಗಡಿಯಾರ. ನ್ಯೂಯಾರ್ಕಿನ ಸಿರಿವಂತ ಬ್ಯಾಂಕರ್, ಹವ್ಯಾಸದಿಂದ ಭೌತವಿಜ್ಞಾನಿ ಆಲ್ಫ್ರೆಡ್ ಲೂಮಿಸ್, ಟಕ್ಸಿಡೋ ಪಾರ್ಕ್‌ನ ತನ್ನ ಖಾಸಗಿ ಪ್ರಯೋಗಾಲಯಕ್ಕೆ ಅಂಥ ಮೂರು ಗಡಿಯಾರ ಕೊಂಡು ತಂದ. ಬೆಲ್ ಪ್ರಯೋಗಾಲಯದ ಕ್ವಾರ್ಟ್ಸ್‌ನಿಂದ ಇಳಿಸಿದ 1000 ಹರ್ಟ್ಸ್‌ನ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ ತರಿಸಿಕೊಂಡು ಹಗಲೂ ರಾತ್ರಿ ಹೋಲಿಸಿದ. ಮೂರೂ ಲೋಲಕಗಳು ಕ್ವಾರ್ಟ್ಸ್‌ಗೆ ಎದುರಾಗಿ ಒಟ್ಟಿಗೇ ಒಂದಿಷ್ಟು ಹಿಂದೆ ಮುಂದೆ ಆಗುತ್ತಿದ್ದವು, ಅದೂ ಚಂದ್ರನ ಗತಿಗೆ ತಕ್ಕಂತೆ. ಲೋಲಕ ನಡೆಯುವುದು ಗುರುತ್ವದಿಂದ. ಚಂದ್ರ ತಲೆಯ ಮೇಲೆ ಬಂದಾಗ ಆ ಗುರುತ್ವದಲ್ಲಿ ಕೋಟಿಗೊಂದು ಪಾಲಿನ ಲೆಕ್ಕದ ವ್ಯತ್ಯಾಸವಾಗುತ್ತದೆ. ಕ್ವಾರ್ಟ್ಸ್‌ಗೆ ಚಂದ್ರನ ಹಂಗಿಲ್ಲ. 1931ರಲ್ಲಿ ಖಗೋಳಜ್ಞರಾದ ಬ್ರೌನ್ ಮತ್ತು ಬ್ರೌವರ್ ಈ ದಾಖಲೆಗಳನ್ನು ವಿಶ್ಲೇಷಿಸಿ ಪ್ರಕಟಿಸಿದರು.

ಮುಂದಿನ ಸರದಿ ಭೂಮಿಯದು. ಬರ್ಲಿನ್ನಿನ ಭೌತ–ತಾಂತ್ರಿಕ ಸಂಸ್ಥೆಯಲ್ಲಿ ಶೈಬೆ ಮತ್ತು ಅಡೆಲ್ಸ್‌ಬರ್ಗರ್ 60 ಕಿಲೋಹರ್ಟ್ಸ್‌ನ ಕ್ವಾರ್ಟ್ಸ್ ಸರಳುಗಳ ಗಡಿಯಾರಗಳನ್ನು ವರ್ಷಗಟ್ಟಲೆ ನಡೆಸಿ, 1930ರ ದಶಕದ ನಡುವಿನಲ್ಲಿ ಒಂದು ವಿಚಿತ್ರ ಕಂಡರು. ಬೇರೆ ಬೇರೆ ಹರಳುಗಳ ಗಡಿಯಾರಗಳು ತಮ್ಮತಮ್ಮಲ್ಲಿ ಹೊಂದುತ್ತವೆ, ಆದರೆ ಎಲ್ಲವೂ ಸೇರಿ ನಕ್ಷತ್ರಗಳ ಸಮಯದಿಂದ ಋತುಮಾನಕ್ಕೆ ತಕ್ಕಂತೆ ಸರಿಯುತ್ತವೆ. ಭೂಮಿ ವರ್ಷವಿಡೀ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ದಿನದ ಉದ್ದ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಹೆಚ್ಚುಕಡಿಮೆಯಾಗುತ್ತದೆ ಎಂದು ಅವರು ಹೇಳಿದರು. ಪ್ಯಾರಿಸ್ಸಿನಲ್ಲಿ ನಿಕೊಲಾಸ್ ಸ್ಟೊಯ್ಕೊ ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂದ. ಸೆಕೆಂಡು ಎಂಬುದೇ ಭೂಮಿಯ ಸುತ್ತಿನ 86,400ನೇ ಒಂದು ಭಾಗವಾಗಿದ್ದ ಕಾಲದಲ್ಲಿ, ಅಳತೆಗೋಲೇ ಹಿಗ್ಗಿ ಕುಗ್ಗುತ್ತಿದೆ ಎಂದು ಹೇಳಲು ಧೈರ್ಯ ಬೇಕು. ಆ ಧೈರ್ಯ ಕೊಟ್ಟದ್ದು ಒಂದಕ್ಕಿಂತ ಹೆಚ್ಚು ಹರಳುಗಳ ಒಮ್ಮತ. ಕ್ವಾರ್ಟ್ಸ್ ಅನುರಣಕ ವಿಜ್ಞಾನಕ್ಕೆ ಮಾಡಿದ ಅತಿ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ, ರೇಡಿಯೋ ಅದರ ಮುಂದೆ ಎರಡನೆಯದು.

ಎರಡನೆಯ ಮಹಾಯುದ್ಧ ಈ ನಾಜೂಕು ಕಸುಬನ್ನು ಕಾರ್ಖಾನೆಗೆ ತಳ್ಳಿತು. ಟ್ಯಾಂಕುಗಳ, ವಿಮಾನಗಳ ರೇಡಿಯೋಗಳನ್ನೆಲ್ಲ ಹರಳಿನಿಂದಲೇ ನಿಯಂತ್ರಿಸಬೇಕೆಂದು ಅಮೆರಿಕದ ಸೇನೆ ತೀರ್ಮಾನಿಸಿದಾಗ, ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿದ್ದ ತಯಾರಿಕೆ ಕೋಟಿಯ ಲೆಕ್ಕಕ್ಕೆ ಏರಬೇಕಾಯಿತು. ಕಚ್ಚಾ ಹರಳು ಬರುತ್ತಿದ್ದುದು ಬಹುಪಾಲು ಬ್ರೆಜಿಲ್‌ನಿಂದ. ನಮ್ಮ ಹೊಲಗದ್ದೆಗಳ ಬೆಣಚುಕಲ್ಲೂ ರಾಸಾಯನಿಕವಾಗಿ ಅದೇ ಸಿಲಿಕಾನ್ ಡೈಆಕ್ಸೈಡ್. ಆದರೆ ಅನುರಣಕಕ್ಕೆ ಬೇಕಾದದ್ದು ಬಿರುಕು, ಗುಳ್ಳೆ, ಅವಳಿ ಬೆಳವಣಿಗೆ ಒಂದೂ ಇಲ್ಲದ ದೊಡ್ಡ ಒಂಟಿ ಹರಳು. ಎಕ್ಸ್‌ಕಿರಣದಿಂದ ಅಕ್ಷ ಗುರುತಿಸಿ, ವಜ್ರದ ಗರಗಸದಲ್ಲಿ ಹೋಳು ಮಾಡಿ, ಅರೆದು ಅರೆದು ಅಂಕಿಗೆ ತರಬೇಕು. ಕೊನೆಯ ಹಂತ ಕೈಕೆಲಸ. ಗಾಜಿನ ಮೇಲೆ ಅರೆಪುಡಿ ಹಾಕಿ ಫಲಕವನ್ನು ನಾಲ್ಕು ಸುತ್ತು ಉಜ್ಜುವುದು, ಒರೆಸಿ ಅಳೆಯುವುದು, ಮತ್ತೆ ಉಜ್ಜುವುದು. ಒಂದು ಸುತ್ತು ಹೆಚ್ಚಾದರೆ ಫಲಕ ತೆಳ್ಳಗಾಗಿ ಅಂಕಿ ದಾಟಿತು. ಕಳೆದ ಕಲ್ಲನ್ನು ಮರಳಿ ಹಚ್ಚುವಂತಿಲ್ಲ. ಈ ಕೆಲಸದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು.

1943ರಲ್ಲಿ ರಣರಂಗದಿಂದ ದೂರು ಬಂತು. ಕಾರ್ಖಾನೆಯಲ್ಲಿ ಸರಿಯಿದ್ದ ಹರಳುಗಳು ಕೆಲವು ತಿಂಗಳಲ್ಲಿ ತಾವಾಗಿಯೇ ಮೇಲಿನ ಅಂಕಿಗೆ ಸರಿಯುತ್ತಿದ್ದವು, ಕೆಲವು ಸುಮ್ಮನಾಗಿಬಿಡುತ್ತಿದ್ದವು. ಕಾರಣ ಆ ಕೊನೆಯ ಉಜ್ಜಾಟವೇ. ಅರೆದಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗಿ, ತೇವ ಸೇರಿ, ಸಿಪ್ಪೆ ಸಡಿಲವಾಗಿ ಉದುರುತ್ತಿತ್ತು. ವರ್ಜಿಲ್ ಬಾಟಮ್ ಮತ್ತು ಸೇನೆಯ ಸಂಶೋಧಕರು ಸೂಚಿಸಿದ ಪರಿಹಾರ ಸರಳ: ಕೊನೆಯ ಹಂತವನ್ನು ಅರೆಯಬೇಡಿ, ಆಮ್ಲದಲ್ಲಿ ಕರಗಿಸಿ ಅಂಕಿಗೆ ತನ್ನಿ. ಕೆಟ್ಟ ಪದರವೆಲ್ಲ ಕರಗಿ ಗಟ್ಟಿ ಹರಳೇ ಉಳಿಯಿತು. ಯುದ್ಧಾನಂತರ ಬೆಲ್‌ನವರೂ ಇತರರೂ ಹೆಚ್ಚಿನ ಶಾಖ, ಒತ್ತಡದ ಕ್ಷಾರ ದ್ರಾವಣದಲ್ಲಿ ಕ್ವಾರ್ಟ್ಸನ್ನು ಬೆಳೆಸಲು ಕಲಿತರು. ಬ್ರೆಜಿಲ್‌ನ ಮೇಲಿನ ಅವಲಂಬನೆ ಕ್ರಮೇಣ ತಪ್ಪಿತು.

1940ರ ದಶಕದಲ್ಲಿ ಗ್ರೀನಿಚ್‌ನ ಸಮಯ ವಿಭಾಗ ಲೋಲಕಗಳನ್ನು ಬಿಟ್ಟು ಕ್ವಾರ್ಟ್ಸ್ ಹಿಡಿಯಿತು. ಅಲ್ಲಿ ನಡೆಯುತ್ತಿದ್ದವುಗಳಲ್ಲಿ ಎಸೆನ್ ಉಂಗುರದ ಗಡಿಯಾರಗಳೂ ಇದ್ದವು. ಉತ್ತಮ ಕ್ವಾರ್ಟ್ಸ್ ಗಡಿಯಾರದ ದಿನದ ತಪ್ಪು ಮಿಲಿಸೆಕೆಂಡಿಗಿಂತ ಕೆಳಗಿಳಿದಿತ್ತು. ಉಳಿದ ಒಂದು ದೋಷ ಮಾತ್ರ ಹೋಗಲೇ ಇಲ್ಲ: ಹರಳಿಗೆ ವಯಸ್ಸಾಗುತ್ತದೆ, ಅಂಕಿ ವರ್ಷವರ್ಷವೂ ಒಂದಿಷ್ಟು ಸರಿಯುತ್ತದೆ. ಒಂದರ ಸರಿತ ಇನ್ನೊಂದರಂತಿಲ್ಲ. ಎಷ್ಟೇ ಅಂದವಾಗಿ ಕೊಯ್ದರೂ ಅದು ಮನುಷ್ಯ ಕೊಯ್ದ ತುಂಡು, ಎರಡು ತುಂಡು ಎಂದೂ ಒಂದೇ ಅಲ್ಲ. ಪರಮಾಣುಗಳು ಹಾಗಲ್ಲ. ಇದನ್ನು ಚೆನ್ನಾಗಿ ಬಲ್ಲವನು ಎಸೆನ್ ತಾನೇ. 1955ರಲ್ಲಿ ಅವನೂ ಜ್ಯಾಕ್ ಪ್ಯಾರಿಯೂ ಟೆಡಿಂಗ್ಟನ್ನಿನಲ್ಲಿ ಸೀಸಿಯಂ ಪರಮಾಣುವಿನ ಕಂಪನಾಂಕ ಮಾನಕವನ್ನು ನಡೆಸಿ ತೋರಿಸಿದರು. 1967ರಲ್ಲಿ ಸೀಸಿಯಂನ 9,19,26,31,770 ಕಂಪನಗಳ ಅವಧಿಯೇ ಸೆಕೆಂಡು ಎಂದು ನಿಗದಿಯಾಯಿತು. ಆದರೆ 1955ರ ಆ ಯಂತ್ರ ನಿಲ್ಲದೆ ನಡೆಯುವ ಗಡಿಯಾರವಾಗಿರಲಿಲ್ಲ. ಆಗಾಗ ಚಾಲೂ ಮಾಡಿ ಅದರಿಂದ ಪ್ರಯೋಗಾಲಯದ ಕ್ವಾರ್ಟ್ಸ್ ಗಡಿಯಾರಗಳನ್ನು ತಿದ್ದಿಕೊಳ್ಳುತ್ತಿದ್ದರು. ನಡುವಿನ ದಿನಗಳಲ್ಲೆಲ್ಲ ಸಮಯವನ್ನು ನಡೆಸಿದ್ದು ಕ್ವಾರ್ಟ್ಸೇ.